ಹೂಂ ಅನ್ನುವ ಗಂಡನಿಗೊಂದು ರಿಸೀವರ್

ಮೊನ್ನೆ ನನ್ನ ಗಂಡ ಒಂದು ಇಡೀ ಸಂಸಾರವನ್ನು ತಪ್ಪು ಟ್ರೇನಿಗೆ ಹತ್ತಿಸಿದರು.

ಮುಂಬಯಿ ಕಡೆಯ ಡೊಂಬಿವಲಿ ಸ್ಟೇಷನ್. ಅಂಬರನಾಥ ಲೋಕಲ್. ನಾನು ಒಳಗೆ ನುಗ್ಗಿ ಸೀಟು ಹಿಡಿದಿದ್ದೆ, ಇವರು ಬಾಗಿಲಲ್ಲಿ ನಿಂತಿದ್ದರು. ಗಣಪತಿ ದರ್ಶನಕ್ಕೆ ಹೊರಟ ಯಾರೋ, ಇದು ಟಿಟ್ವಾಳಾಕ್ಕೆ ಹೋಗುತ್ತದಾ ಎಂದು ಇವರನ್ನು ಕೇಳಿದರಂತೆ. ಇವರು ಗೋಣು ಆಡಿಸಿದರು. ಅಜ್ಜಿ, ಹೆಂಡತಿ, ಮಕ್ಕಳು, ತೆಂಗಿನಕಾಯಿ ಚೀಲ ಸಮೇತ ಎಲ್ಲರೂ ಹತ್ತಿದರು. ಕಲ್ಯಾಣ್ ದಾಟಿ ಗಾಡಿ ಬೇರೆ ದಾರಿ ಹಿಡಿದಾಗ ಆ ಮನುಷ್ಯ ಬಂದು ಮರಾಠಿಯಲ್ಲಿ ಸರಿಯಾಗಿ ಬೈದ. ಅದಕ್ಕೂ ಇವರು ನಗುತ್ತ ಗೋಣು ಆಡಿಸಿದರು.

ಅಂಬರನಾಥದ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಪಕ್ಕ ಅರ್ಧ ಆಯುಷ್ಯ ಕಳೆದ ಕಿವಿ ಅದು. ಢಂ ಢಂ ಎಲ್ಲ ಕೇಳುತ್ತದೆ, ಮಾತು ಕೇಳುವುದಿಲ್ಲ. ಅದನ್ನು ಒಪ್ಪಿಕೊಳ್ಳಲು ಇವರು ತಯಾರಿಲ್ಲ. ಕೇಳದ್ದಕ್ಕೆಲ್ಲ ಒಂದು ಹೂಂ. ಕಿವಿ ಡಾಕ್ಟರ ಹತ್ತಿರ ಹೋಗೋಣ ಅಂದರೆ ಮಾತ್ರ (ಅದು ಹೇಗೋ ಕೇಳಿಸುತ್ತದೆ) ತಾನೇನು ಮುದುಕನಾ ಎಂದು ಎದ್ದು ಹೋಗುತ್ತಾರೆ.

ನೀವು ನಗುತ್ತಿದ್ದೀರಿ. ನಾನೂ ನಗುತ್ತಿದ್ದೆ. ಆದರೆ ಒಂದು ಭಾನುವಾರ ಗಮನಿಸಿದೆ. ನಾನೂ ಮಗಳೂ ಟೀವಿಯಲ್ಲಿ ಸಿನಿಮಾ ನೋಡಿ ನಗುತ್ತಿದ್ದೆವು. ಇವರು ನಮ್ಮ ಮುಖ ನೋಡಿ, ನಾವು ನಕ್ಕ ಮೇಲೆ ನಗುತ್ತಿದ್ದರು. ಒಂದು ಕಾಲದಲ್ಲಿ ಇಡೀ ಸಿನಿಮಾದ ಡೈಲಾಗ್ ಬಾಯಿಪಾಠ ಒಪ್ಪಿಸುತ್ತಿದ್ದ ಮನುಷ್ಯ! ಸ್ವಲ್ಪ ಹೊತ್ತಿಗೆ, ಈಗಿನ ಸಿನಿಮಾದಲ್ಲಿ ಎಂತ ಉಂಟು ಅಂತ ಗೊಣಗಿ ಬಾಲ್ಕನಿಗೆ ಹೋಗಿ ನಿಂತರು. ಇವರನ್ನು ವಾಪಸ್ ಸೋಫಾಕ್ಕೆ ತಂದೇ ತರುತ್ತೇನೆ ಅಂತ ಅವತ್ತೇ ಹಠ ತೊಟ್ಟೆ.

ಹೇಗೆ ತರುವುದು? ಟೀವಿಯ ದನಿ ಏರಿಸಿದರೆ ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ ಬಂದು ಬೆಲ್ ಒತ್ತುತ್ತಾರೆ. ದಾರಿ ಹೇಳಿದ್ದು ಮಗಳು (ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ). ಹೋಮ್ ಥಿಯೇಟರಿನಲ್ಲಿ ಮಾತು ಹೆಚ್ಚಾಗಿ ಬರುವುದು ಟೀವಿಯ ಕೆಳಗಿಡುವ ನಡುವಿನ ಸ್ಪೀಕರಿನಿಂದಂತೆ. ಎಲ್ಲ ಸ್ಪೀಕರುಗಳಿಗೆ ದನಿ ಹಂಚುವ ರಿಸೀವರ್ ಪೆಟ್ಟಿಗೆ ಒಳ್ಳೆಯದಾದರೆ ಆ ನಡುವಿನದರ ದನಿ ಮಾತ್ರ ಏರಿಸಬಹುದು, ಬಾಂಬು, ಹೆಲಿಕಾಪ್ಟರುಗಳನ್ನೆಲ್ಲ ತಣ್ಣಗೆ ಕೂರಿಸಬಹುದು. ನನಗೆ ಬೇಕಾದ್ದು ಅಷ್ಟೇ.

ವಾಶಿಯ ಒಂದು ಅಂಗಡಿಗೆ ಹೋದೆವು. ಸೇಲ್ಸ್‌ಮನ್ ನನ್ನ ಕಡೆ ನೋಡಲೇ ಇಲ್ಲ. (ಹೆಂಗಸರಿಗೆ ಮಿಕ್ಸರ್ ಇರುವುದು ಆಚೆ ಕಡೆ ಅಲ್ಲವಾ?) ವ್ಯಾಟ್, ಸೆವೆನ್ ಪಾಯಿಂಟ್ ಒನ್ ಅಂತ ಏನೇನೋ ಇವರಿಗೇ ವಿವರಿಸಿದ. ಯುದ್ಧದ ಸೀನ್ ಹಾಕಿ ಅಂಗಡಿ ನಡುಗಿಸಿದ. ಕೊನೆಗೆ ಎಲ್ಲಕ್ಕಿಂತ ದುಬಾರಿಯದನ್ನು ತೋರಿಸಿ ಪ್ಯಾಕ್ ಮಾಡಲಾ ಎಂದು ಕೇಳಿದ. ಇವರು ಹೂಂ ಅಂದರು.

ಬಿಲ್ ಆಗುವ ಮೊದಲೇ ಅಡ್ಡ ನಿಂತೆ. ಕೆಳಗಿನ ಸಾಲಿನ ಅಗ್ಗದ, ಕಡಿಮೆ ಸ್ಪೀಕರಿನ ಫೈವ್ ಪಾಯಿಂಟ್ ಒನ್ ಸೆಟ್ ತೋರಿಸಿ, ಇದರಲ್ಲಿ ನಡುವಿನ ಸ್ಪೀಕರಿನ ದನಿ ಬೇರೆಯಾಗಿ ಏರುತ್ತದಾ ಎಂದೆ. ಏರುತ್ತದಂತೆ. ಹಾಗಾದರೆ ಯುದ್ಧ ನಿಲ್ಲಿಸು, ಇಬ್ಬರು ಮೆಲ್ಲಗೆ ಮಾತಾಡುವ ಸೀನ್ ಹಾಕು ಅಂದೆ. ಅಂಥ ಡೆಮೊ ಯಾರೂ ಕೇಳುವುದಿಲ್ಲವಂತೆ. ನಾನು ಕೇಳುತ್ತಿದ್ದೇನಲ್ಲ? ಒಲ್ಲದ ಮನಸ್ಸಿನಿಂದ ಹಾಕಿದ. ಅಡುಗೆಮನೆಯಲ್ಲಿ ಅಪ್ಪ-ಮಗಳು ಏನೋ ಗುಸುಗುಸು. ರಿಮೋಟ್ ಇಸಿದುಕೊಂಡು ನಡುವಿನ ದನಿ ಏರಿಸುತ್ತ ಹೋದೆ.

ಇವರ ಗೋಣು ಆಡುವುದು ನಿಂತಿತು. ಮುಂದಕ್ಕೆ ಬಾಗಿ ಕೂತರು. ಸೀನ್ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಇಷ್ಟೆಲ್ಲ ಮಾತಾಡ್ತಾರಾ ಮಾರಾಯ್ತಿ? ನಂಗೆ ಒಂದೂ ಕೇಳ್ತಿರಲಿಲ್ಲ."

ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ನನಗೆ ಅಂಗಡಿಯಲ್ಲೇ ಅಳು ಬಂತು.

ಅದನ್ನೇ ತಂದೆವು. ಈಗ ಭಾನುವಾರ ನಮಗಿಂತ ಮೊದಲು ನಗುವವರು ಇವರೇ. ಆದರೆ ರಿಸೀವರ್ ಇರುವುದು ಟೀವಿಯವರ ಮಾತಿಗೆ. ನಾನು ಮಾತಾಡಿದರೆ? ಮಗಳು ಮಾತಾಡಿದರೆ? ಶನಿವಾರಕ್ಕೆ ಥಾಣೆಯ ಕಿವಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಕಿವಿಗೆ ಕೇಳುವ ಮೆಷಿನ್ ಹಾಕಿಕೊಂಡರೆ ನೋಡಿದವರು ಏನಂದಾರು ಎಂಬ ತಕರಾರು ಆಗಲೇ ಶುರುವಾಗಿದೆ. ಕನ್ನಡಕ ಹಾಕಿದಾಗ ಯಾರು ಏನಂದರು? ನಾನು ಬಿಡುವವಳಲ್ಲ.

ಹಾಲ್ ತುಂಬ ಸ್ಪೀಕರ್ ನೇತುಹಾಕಿ ಬಂದವರಿಗೆಲ್ಲ ತೋರಿಸುವ ಮನುಷ್ಯನಿಗೆ, ಕಿವಿಯ ಹಿಂದೆ ಹುಣಸೆಬೀಜದಷ್ಟು ಮೆಷಿನ್ ಇಟ್ಟುಕೊಳ್ಳಲು ಎಂಥ ನಾಚಿಕೆ?