ಅಪ್ಪ ತಟ್ಟಿದ ಕಹಳೆ

ಇವತ್ತು ಮಗಳ ಕೈಯಿಂದ ಹಿತ್ತಾಳೆ ಪಾಲಿಶಿನ ವಾಸನೆ ಬಂದಾಗ ಇಲ್ಲೇ ಗಲ್ಫಿನ ವಾದಿ ಕಬೀರ್ ಪ್ರದೇಶದಲ್ಲಿದ್ದ ಅಪ್ಪನ ಗ್ಯಾರೇಜು ನೆನಪಾಯಿತು. ಒಮ್ಮೆ ಇಲ್ಲಿನ ವಿಶ್ವವಿದ್ಯಾಲಯದ ಬ್ಯಾಂಡಿನ ದೊಡ್ಡ ಕಹಳೆ ಬೆಸುಗೆಗೆ ಬಂದಿತ್ತು. ಕಾರುಗಳ ತಗ್ಗು ತಟ್ಟಿ ಅಭ್ಯಾಸವಾಗಿದ್ದ ಅಪ್ಪ, ಯಾರೂ ಹೇಳದಿದ್ದರೂ ಅದರ ಹಳೆಯ ಗುಳಿಯನ್ನೂ ನುಣುಪು ಮಾಡಿಬಿಟ್ಟರು.

ಕಹಳೆ ಒಯ್ಯಲು ಬಂದ, ನಮ್ಮೂರಿನವರೇ ಆದ ಬ್ಯಾಂಡ್ ಮಾಸ್ತರರು ಹೆಬ್ಬೆರಳಿನಿಂದ ಗುಳಿ ಹುಡುಕಿದರು.

“ಎಂಥ ಮಾಡಿದ್ರಿ ಮಾರಾಯ್ರೆ! ಅದು ಮೊದಲ ಪರೇಡಿನಲ್ಲಿ ಬಿದ್ದ ಗುಳಿ. ಮಕ್ಕಳು ಅದನ್ನು ಮುಟ್ಟಿಯೇ ಹೊರಡುದು.”

“ಪುನಃ ಗುಳಿ ಮಾಡ್ಲಾ?” ಅಪ್ಪ ಸುತ್ತಿಗೆ ಎತ್ತಿದರು.

“ಬೇಡ. ಖಲಾಸ್.”

ಆಮೇಲೆ ಅಪ್ಪ ಕೇಳದೆ ಯಾವ ತಗ್ಗಿಗೂ ಕೈಹಾಕಲಿಲ್ಲ.

ಮಗಳು ಈಗ ಅದೇ ಬ್ಯಾಂಡಿನಲ್ಲಿದ್ದಾಳೆ. “ಹಳೇ ದೊಡ್ಡ ಕಹಳೆ ತುಂಬ ತಗ್ಗು, ಒಂದು ಕಡೆ ಮಾತ್ರ ಸ್ಮೂತ್ ಉಂಟಮ್ಮ. ಅದನ್ನು ಟಚ್ ಮಾಡಿಯೇ ನಾವು ಮಾರ್ಚ್ ಶುರು ಮಾಡುದು. ಯಾಕಂತ ಯಾರಿಗೂ ಗೊತ್ತಿಲ್ಲ,” ಎಂದಳು.

ಊರಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿದೆ.