ತೊಳೆದಿಟ್ಟ ಟ್ಯಾಂಕ್

"ಪಾಪ, ನಮ್ಮಕ್ಕಗ ಏನು ಗೊತ್ತು? ಹೊಲಸಾಗ್ಯಾದಂತ ತೊಳದುಬಿಟ್ಟಳು," ಎಂದು ಮಾನ್ವಿ ಊರಿನ ನನ್ನ ಸೋದರಮಾವ ಮೊನ್ನೆ ರಾಯಚೂರಿಗೆ ಬಂದಾಗ ಮತ್ತೆ ಹೇಳಿದರು. ನಮ್ಮ ಬಳಗವೆಲ್ಲ ಹೇಳುವುದು ಇದನ್ನೇ. ಪಕ್ಕದ ಮನೆಯ ಗೇಟಿಗೆ ಬಣ್ಣ ಹಚ್ಚುತ್ತಿದ್ದರು. ಆ ಥಿನ್ನರ್ ವಾಸನೆಗೆ ಮಾವನಿಗೆ ನನ್ನ ಅಣ್ಣ ನೆನಪಾಗಿ, ಅಣ್ಣನಿಂದ ಟ್ಯಾಂಕ್ ನೆನಪಾಗಿರಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯಕ್ಕೇ ಕೈ ಹಾಕಿ ಕಪ್ ಗೆದ್ದವನು ನಾನು. ಈ ಒಂದು ವಾಕ್ಯದೆದುರು ಮಾತ್ರ ಎರಡು ವರ್ಷದಿಂದ ಬಾಯಿ ಬಿಟ್ಟಿಲ್ಲ.

ಟ್ಯಾಂಕ್ ಎಂದರೆ ಯುದ್ಧದ್ದೇ. ಆದರೆ ಅಂಗೈಯಲ್ಲಿ ಕೂರುವಂಥದ್ದು, ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಬಣ್ಣ ಹಚ್ಚಿ ಮಾಡುವ ಮಾದರಿ. ಅಣ್ಣ ಗ್ಯಾರೇಜಿನಲ್ಲಿ ಪೇಂಟರ್. ಹಗಲೆಲ್ಲ ಹಳೆಯ ಟ್ರ್ಯಾಕ್ಟರುಗಳನ್ನು ಹೊಸದು ಮಾಡಿ ಬಂದು, ಸಂಜೆ ಹೊಸ ಟ್ಯಾಂಕನ್ನು ಹಳೆಯದು ಮಾಡಲು ಕೂರುತ್ತಿದ್ದ. ಹಸಿರು ಒಣಗಿದ ಮೇಲೆ ಸ್ಪಂಜಿನ ಚೂರಿನಿಂದ ಅಂಚುಗಳಲ್ಲಿ ಬಣ್ಣ ಎದ್ದ ಗುರುತು, ಬೋಲ್ಟಿನ ಕೆಳಗೆ ತುಕ್ಕು ಇಳಿದ ಗೆರೆ, ಕೊನೆಗೆ ಮಣ್ಣು. ಅದು ಮಸರಕಲ್ ಊರಿನ ನಮ್ಮ ಹೊಲದ್ದೇ ಆಗಬೇಕು. ಅವ್ವ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಕೊಡುತ್ತಿದ್ದಳು.

"ಮ್ಯಾಲೆ ವಾರ್ನಿಶ್ ಹೊಡಿಯೋ, ಕೈ ತಾಗಿದ್ರ ಉದುರ್ತದ," ಎಂದೆ ನಾನೊಂದು ಸಂಜೆ.

"ಹೊಡದ್ರ ಧೂಳು ಧೂಳಿನಂಗ ಕಾಣಂಗಿಲ್ಲಲೇ, ವಕೀಲಾ."

"ಹಗಲಿಗೊಂದು ವಾದ, ಸಂಜಿಗೊಂದು ವಾದ. ನಿನಗ ಒಂದು ನಿಲುವು ಬ್ಯಾಡೇನು?"

"ಟ್ರ್ಯಾಕ್ಟರ್ ಮಾಲಕಗ ದುಡಿದದ್ದು ಮುಚ್ಚಬೇಕು. ನನಗ ಕಾಣಬೇಕು. ಸುಮ್ಮ ಕುಂದ್ರು, ನೀ ಮಾತಾಡಿದ್ರ ಮಣ್ಣು ಹಾರ್ತದ."

ಟ್ಯಾಂಕಿನ ಎಡಗಡೆಯ ಗಾಲಿ ಸುತ್ತುವ ಚೈನಿನ ಮೇಲೆ ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿದ್ದ. ಬೆರಳಿನ ಗೆರೆಗಳು ಹಾಗೇ ಮೂಡಿದ್ದವು. ಇಷ್ಟು ದೊಡ್ಡ ಬೆರಳು ಯಾವ ಸಿಪಾಯಿಯದು ಎಂದು ಹಂಗಿಸಿದೆ. ನಾಳೆ ಅಳಿಸುತ್ತೇನೆ ಎಂದ. ಮರುದಿನ ದೇವದುರ್ಗದ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು.

ಸಾವಾದ ಮನೆ, ಆ ವರ್ಷ ಮಹಾನವಮಿ ಬೇಡ ಎಂದರು ಎಲ್ಲರೂ. "ನನ್ನ ಮಗನ ಹತಾರ ಏನು ತಪ್ಪು ಮಾಡ್ಯಾವ?" ಎಂದಳು ಅವ್ವ. ಆಯುಧಪೂಜೆಗೆ ಇಡುವುದನ್ನೆಲ್ಲ ತೊಳೆದೇ ಇಡಬೇಕು, ನಮ್ಮಲ್ಲಿ ಅದು ಪದ್ಧತಿ. ಸ್ಪ್ರೇ ಗನ್ನು, ಪಾನಾ, ಡಬ್ಬಿಗಳು, ಒಂದೊಂದಾಗಿ ತೊಳೆಯುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಯಾವುದೋ ಸ್ಪರ್ಧೆಗೆ ಭಾಷಣ ಬರೆಯುತ್ತಿದ್ದೆ.

"ಯಪ್ಪಾ, ಇದನ್ನೂ ತೊಳೀಲೇನು? ಹಂಗ ಇಡ್ಲೇನು?"

"ತೊಳಿ."

"ಮಣ್ಣು ಹೋಗ್ತದಲ್ಲೋ."

"ಹೋಗ್ಲಿ ಬೇ, ತೊಳಿ ಅಂದ್ನಲ್ಲ."

ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಏನಿದೆ ಎಂದು ನೋಡಲೂ ಇಲ್ಲ. ಊದಿನಕಡ್ಡಿ ಹಚ್ಚಲು ಹೋದರೆ ಟ್ಯಾಂಕ್ ಹಸಿರಾಗಿ ಹೊಳೆಯುತ್ತಿತ್ತು, ಮುಂಭಾಗಕ್ಕೆ ವಿಭೂತಿ ಹಚ್ಚಿತ್ತು. ಚೈನಿನ ಮೇಲೆ ಏನೂ ಇರಲಿಲ್ಲ.

ಆಮೇಲೆ ಅದೇ ಹೊಲದ ಮಣ್ಣು ತಂದು ಮೂರು ಸಲ ಹಚ್ಚಿದೆ. ಮೂರು ಸಲವೂ ಅವ್ವ ಸೋಸಿ ಕೊಟ್ಟಳು. ಗಟಾರಕ್ಕೆ ಬಿದ್ದೆದ್ದ ಆಟಿಕೆಯಂತೆ ಕಂಡಿತು, ನಾನೇ ತೊಳೆದೆ. ನಾಲ್ಕನೆಯ ಸಲಕ್ಕೆ ಮನಸ್ಸಾಗಲಿಲ್ಲ. ಯಾರ ಹೆಬ್ಬೆರಳು ತರುವುದು, ಹೇಳಿ.

ನೀವೇ ತೀರ್ಪು ಕೊಡಿ. ಆ ಮಣ್ಣನ್ನು ಸೋಸಿದವಳಿಗೆ ಅದೇನೆಂದು ಗೊತ್ತಿರಲಿಲ್ಲವೆ? ಗೊತ್ತಿದ್ದರಿಂದಲೇ ಎರಡು ಸಲ ಕೇಳಿದಳು. ಓದಿದ ಮಗ ಹೇಳಿದ ಎಂದು ತೊಳೆದಳು. ಆದರೂ ಮೊನ್ನೆ, ಮಾವನ ತಾಟಿಗೆ ರೊಟ್ಟಿ ಹಾಕುತ್ತ, "ಹೂಂನಪ್ಪಾ, ತಿಳೀಲಿಲ್ಲ ನನಗ," ಎಂದಳು. ನಾನು ತಲೆ ತಗ್ಗಿಸಿ ಉಂಡೆ.

ಮಾವನನ್ನು ಬಸ್ಸಿಗೆ ಹತ್ತಿಸಿ ಬಂದಾಗ ಅವ್ವ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಬಾಗಿಲಲ್ಲೇ ನಿಂತು ಕೇಳಿದೆ:

"ಯವ್ವಾ, ಕೇಳಿದಾಕಿ ನೀನು, ತೊಳಿ ಅಂದಾವ ನಾನು. ಇಷ್ಟು ದಿನ ಒಬ್ಬರ ಮುಂದೂ ಯಾಕ ಹೇಳಲಿಲ್ಲ?"