ಬೈಕಿನ ಹಿಂದೆ ಓಡುವ ನಾಯಿ

ಕಾಖಂಡಕಿಯಲ್ಲಿರುವ ನನ್ನ ಅಣ್ಣ ಕುರಿ ಸಾಕುತ್ತಾನೆ. ಗೊಬ್ಬರಕ್ಕೆಂದು ಕರೆದವರ ಹೊಲದಲ್ಲಿ ನಾಲ್ಕಾರು ರಾತ್ರಿ ಮಂದೆಯನ್ನು ನಿಲ್ಲಿಸಿ, ಆಮೇಲೆ ಮತ್ತೊಂದು ಹೊಲಕ್ಕೆ ಸಾಗುವುದು ನಮ್ಮ ಮನೆತನದ ಕಸುಬು. ತೋಳದಿಂದ ಮಂದೆಯನ್ನು ಕಾಯುವುದು ಒಂದು ಕಂದು ನಾಯಿ. ಅಪ್ಪನ ಕಾಲದಲ್ಲಿ ಮನುಷ್ಯನೂ ನಡೆಯುತ್ತಿದ್ದ, ನಾಯಿಯೂ ನಡೆಯುತ್ತಿತ್ತು. ಅಣ್ಣ ಬೈಕು ಕೊಂಡ. ಹಗಲು ಅತ್ತಿಗೆಯನ್ನು ಮಂದೆಯ ಬಳಿ ಬಿಟ್ಟು ಎರಡೆರಡು ಸಲ ಮನೆಗೆ ಬಂದುಹೋಗತೊಡಗಿದ. ರಾತ್ರಿಯಿಡೀ ಕಾದ ನಾಯಿ, ಮಲಗಬೇಕಾದ ಹೊತ್ತಿನಲ್ಲಿ, ಡಾಂಬರಿನ ಮೇಲೆ ಅವನ ಬೆನ್ನುಹತ್ತಿ ಓಡತೊಡಗಿತು.

ನಾನು ವಿಜಯಪುರದಲ್ಲಿ ಶಿಕ್ಷಕಿ. ಮೂಕಪ್ರಾಣಿಗಳ ಹಕ್ಕಿನ ಕುರಿತು ಸಭೆಗಳಲ್ಲಿ ಮಾತನಾಡುವವಳು. ಬೇಸಿಗೆ ರಜೆಗೆ ಊರಿಗೆ ಹೋದಾಗ ನಾಯಿ ಅಂಗಳದಲ್ಲಿ ನಾಲಗೆ ಚಾಚಿ ಬಿದ್ದಿತ್ತು. ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ಅಂಗಾಲಿನ ಚರ್ಮ ಸುಲಿದಿತ್ತು. ನಾನು ನೀರಿಟ್ಟರೆ ಅಣ್ಣ ಬೋಗುಣಿಯನ್ನು ಕಾಲಿನಿಂದ ಸರಿಸಿದ.

"ದಣದ ಮೈಗೆ ನೀರ ಕೊಡಬ್ಯಾಡ ಬೇ, ಎದಿ ಹಿಡಿತೈತಿ."

"ನೀ ಹೊಲದಿಂದ ಬಂದ ಕೂಡ್ಲೆ ತಂಬಗಿ ತಂಬಗಿ ಕುಡೀತಿ. ನಿನ್ನ ಎದಿ ಯಾಕ ಹಿಡಿಯಂಗಿಲ್ಲ?"

"ನಾ ಏನ್ ನಾಯಿ ಏನ?"

ನೀರು ತಪ್ಪಿಸುವುದು ತಪ್ಪು ಎಂದೆ. ಹೊಟ್ಟೆತುಂಬ ನುಚ್ಚು ತಿನ್ನಿಸಿ ಒಡನೆಯೇ ಓಡಿಸುವುದು ತಪ್ಪು, ನಿದ್ದೆಗೆಡಿಸುವುದು ತಪ್ಪು, ಆ ಸುಡುವ ರಸ್ತೆಯಂತೂ ಕ್ರೌರ್ಯ ಎಂದೆ.

"ನಾ ಎಲ್ಲಿ ಓಡಸ್ತೀನಿ? ಅದ ಓಡತೈತಿ. ಅದರ ಮುಂದನೂ ಒಂದ್ ಭಾಷಣ ಮಾಡು" ಎಂದು ನಕ್ಕ.

ಹಾಗಾದರೆ ನೀನೇ ನಡೆದು ಹೋಗು ಎಂದೆ. ಅವನು ಧೋತರ ಎತ್ತಿ ಮೊಣಕಾಲುಗಳನ್ನು ತೋರಿಸಿದ. ಎರಡೂ ಬಾತುಕೊಂಡಿದ್ದವು. ಅದನ್ನು ಯಾರ ತಪ್ಪೆನ್ನಬೇಕೋ ನನಗೆ ತಿಳಿಯಲಿಲ್ಲ.

ಮರುದಿನ ನಾಯಿ ಕೆಮ್ಮತೊಡಗಿತು. ಟಂಟಂ ಆಟೋದಲ್ಲಿ ಬಬಲೇಶ್ವರಕ್ಕೆ ಒಯ್ದೆವು. ಪಶುವೈದ್ಯರು ಬಹಳ ಹೊತ್ತು ಎದೆ ಆಲಿಸಿದರು.

"ಹೃದಯ ಸೋತೈತ್ರಿ. ಇನ್ನೊಮ್ಮೆ ಹಂಗ ಓಡಿದರ ಉಳಿಯೂದು ಕಷ್ಟ. ನೆರಳಾಗ ಕಟ್ರಿ."

ಮನೆಗೆ ಮರಳಿದೊಡನೆ ಅಣ್ಣ ಅದನ್ನು ತಾನೇ ಬೇವಿನ ನೆರಳಿಗೆ ಕಟ್ಟಿದ, ತಾನೇ ನೀರಿಟ್ಟ. ನನ್ನ ಮಾತು ಗೆದ್ದಿತೆಂದು ಭಾವಿಸಿದೆ. ನಾಯಿ ನೀರು ಕುಡಿಯಿತು. ರೊಟ್ಟಿಯನ್ನು ಮೂಸಲೂ ಇಲ್ಲ. ಬೈಕು ಹೊರಟಾಗಲೆಲ್ಲ ಕೊರಳು ಕೊಯ್ದುಕೊಳ್ಳುವಂತೆ ಜಗ್ಗುತ್ತಿತ್ತು. ಒಮ್ಮೆ ಅಣ್ಣ ಅದನ್ನು ಬೈಕಿನ ಮೇಲೆ ಮುಂದೆ ಕೂರಿಸಿಕೊಂಡು ನೋಡಿದ. ಓಣಿ ದಾಟುವ ಮೊದಲೇ ಜಿಗಿದು, ಹಿಂದೆ ನಿಂತು, ಓಡಲು ಅಣಿಯಾಯಿತು.

"ಓಡೂದ ಅದರ ನೌಕರಿ ಅಂತ ತಿಳದೈತಿ" ಎಂದ. ಈ ಸಲ ನಗಲಿಲ್ಲ.

ಕಟ್ಟಿಹಾಕಿದ ನಾಲ್ಕನೆಯ ಬೆಳಿಗ್ಗೆ, ಸದ್ದು ಕೇಳಿಸದಿರಲೆಂದು ಅಣ್ಣ ಬೈಕನ್ನು ತಿರುವಿನತನಕ ತಳ್ಳಿಕೊಂಡು ಹೋದ. ನಾಯಿಗೆ ತಿಳಿಯಿತು. ಹಗ್ಗ ಬಿಗಿದು ಉಸಿರು ಕಟ್ಟಿತು, ನಾಲಗೆ ನೀಲಿಗಟ್ಟಿತು. "ಕುಂದ್ರಪಾ, ಬರ್ತಾನ, ಕುಂದ್ರು" ಎನ್ನುತ್ತ ಅವುಚಿಕೊಂಡೆ. ನನ್ನ ಅಂಗೈ ಕೆಳಗೆ ಅದರ ಎದೆ ತಾಳ ತಪ್ಪಿ ಬಡಿಯುತ್ತಿತ್ತು. ಕಟ್ಟಿದರೆ ಇಲ್ಲೇ ಸಾಯುತ್ತದೆ, ಬಿಟ್ಟರೆ ರಸ್ತೆಯಲ್ಲಿ. ಕೊರಳಿನ ಗಂಟು ಸಡಿಲಿಸಿದೆ, ಉಸಿರಾಡಲಿ ಎಂದಷ್ಟೇ.

ಅದು ಕುಣಿಕೆಯಿಂದ ನುಸುಳಿ ಓಡಿತು.

"ಅಣ್ಣಾ, ನಿಲ್ಲೋ!" ಎಂದು ಕೂಗುತ್ತ ಓಡಿದೆ. ತಿರುವಿನಾಚೆ ಬೈಕು ಚಾಲೂ ಆಗಿತ್ತು.